ಸಬ್‌ಟೈಟಲ್ ಇದೆಯಲ್ಲ ಸಾರ್, ಇನ್ನೇನು ಬೇಕು?

ಇವತ್ತು ಬೆಳಿಗ್ಗೆ ಒಂದು ಪೋಸ್ಟರ್ ಕಣ್ಣಿಗೆ ಬಿತ್ತು. ಹೊಸ ಕನ್ನಡ ಸಿನಿಮಾ, ಹೆಸರು ಬೇಡ. ಕೆಳಗೆ ದಪ್ಪಕ್ಷರದಲ್ಲಿ "ಕಿವಿ ಕೇಳದವರೂ ನೋಡಬಹುದು, ಸಬ್‌ಟೈಟಲ್ ಸಹಿತ" ಅಂತ. ಖುಷಿಯಾಗಿ ಶೇರ್ ಮಾಡೋಕೆ ಹೊರಟವನು ಯಾವುದಕ್ಕೂ ಇರಲಿ ಅಂತ ಬುಕಿಂಗ್ ಪುಟ ತೆಗೆದೆ. ಸಬ್‌ಟೈಟಲ್ ಭಾಷೆ: ಇಂಗ್ಲಿಷ್. ಶೇರ್ ಮಾಡೋದು ಬಿಟ್ಟು ಇದನ್ನ ಬರೀತಾ ಕೂತಿದೀನಿ. ಕಿವಿ ಕೇಳದವರಿಗೂ ಕಣ್ಣು ಕಾಣದವರಿಗೂ ಸಿನಿಮಾ ದಕ್ಕೋ ಹಾಗೆ ಮಾಡೋದೇ ನನ್ನ ಕೆಲಸ, ಹೆಚ್ಚಿನ ಪೀಠಿಕೆ ಬೇಡ.

ಕನ್ನಡ ಸಿನಿಮಾಕ್ಕೆ ಬೆಂಗಳೂರಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಹಾಕೋದು ಕನ್ನಡ ಬಾರದವರಿಗೆ. ಹಾಕಲಿ, ಅವರೂ ದುಡ್ಡು ಕೊಟ್ಟೇ ಬರ್ತಾರೆ. ಆದರೆ ಆ ಫೈಲ್ ಬರೆದವರ ಲೆಕ್ಕದಲ್ಲಿ ನೋಡೋನಿಗೆ ಕಿವಿ ಚೆನ್ನಾಗಿ ಕೇಳುತ್ತೆ. ಹಾಗಾಗಿ ಅದರಲ್ಲಿ ಮಾತು ಬಿಟ್ಟು ಬೇರೇನೂ ಇರಲ್ಲ. ಯಾರು ಮಾತಾಡಿದ್ದು ಅಂತಲೂ ಇರಲ್ಲ.

ಒಂದು ಸೀನ್ ತಗೊಳ್ಳಿ. ರಾತ್ರಿ. ಸೊಸೆ ಒಬ್ಬಳೇ ಅಡುಗೆಮನೆಯಲ್ಲಿ ಹಾಲು ಕಾಯಿಸ್ತಿದಾಳೆ. ಅಟ್ಟದ ಮೇಲೆ ಏನನ್ನೋ ಎಳೆದ ಸದ್ದು. ನಿಲ್ಲುತ್ತೆ. ಮತ್ತೆ ಬರುತ್ತೆ, ಈ ಸಲ ಹತ್ತಿರದಲ್ಲಿ. ಆಮೇಲೆ ಕತ್ತಲಿಂದ ಒಂದು ದನಿ, "ಇನ್ನೂ ಮಲಗಿಲ್ವೇನೇ?" ಆ ದನಿ ಅತ್ತೆಯದು, ಅತ್ತೆ ಸತ್ತು ಒಂದು ವರ್ಷ ಆಗಿದೆ. ಇಡೀ ಥಿಯೇಟರ್ ಕಿರುಚುತ್ತೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇರೋದು "ಇನ್ನೂ ಮಲಗಿಲ್ವಾ" ಅನ್ನೋ ಒಂದೇ ಒಂದು ಸಾಲು. ಕಿವುಡ ಪ್ರೇಕ್ಷಕನ ಪಾಲಿಗೆ ಅದು ಗಂಡ ಕೇಳಿದ್ದೂ ಇರಬಹುದು, ಪಕ್ಕದ ಮನೆಯವಳು ಕೇಳಿದ್ದೂ ಇರಬಹುದು. ಈ ಹುಡುಗಿ ಯಾಕೆ ಹಾಲಿನ ಪಾತ್ರೆ ಕೈಬಿಟ್ಟಳು ಅಂತ ಅವನು ಪಕ್ಕದವರ ಮುಖ ನೋಡ್ತಾನೆ.

ಅಲ್ಲಿ ಬೇಕಾಗಿದ್ದು ಮೂರು ಸಾಲು. [ಅಟ್ಟದಲ್ಲಿ ಏನೋ ಎಳೆಯುವ ಸದ್ದು]. [ಸದ್ದು ಹತ್ತಿರ]. [ಅತ್ತೆಯ ದನಿ] ಇನ್ನೂ ಮಲಗಿಲ್ವೇನೇ? ಇಷ್ಟೇ. ಇದಕ್ಕೆ ಕ್ಯಾಪ್ಷನ್ ಅಂತಾರೆ. ಕನ್ನಡ ಸಿನಿಮಾಕ್ಕೆ ಕನ್ನಡದಲ್ಲೇ ಇರೋ ಕ್ಯಾಪ್ಷನ್. ಸಬ್‌ಟೈಟಲ್ ಬೇರೆ, ಇದು ಬೇರೆ. ಎಷ್ಟು ಸಲ ಹೇಳಿದರೂ ಉತ್ತರ ಒಂದೇ, "ಸಬ್‌ಟೈಟಲ್ ಇದೆಯಲ್ಲ ಸಾರ್".

ಕ್ಯಾಪ್ಷನ್ ಅಂದ ತಕ್ಷಣ ಕೆಲವರು ಕೇಳಿದ್ದೆಲ್ಲ ಬರೆಯೋಕೆ ಶುರು ಮಾಡ್ತಾರೆ. ಫ್ಯಾನ್ ತಿರುಗುವ ಸದ್ದು, ಹಕ್ಕಿ ಚಿಲಿಪಿಲಿ, ಹೆಜ್ಜೆ ಸಪ್ಪಳ. ಬೇಡ. ಆ ಸದ್ದು ಇಲ್ಲದಿದ್ದರೆ ಸೀನ್ ಅರ್ಥ ಆಗಲ್ಲ ಅನ್ನುವಂಥದ್ದು ಮಾತ್ರ ಬರೀಬೇಕು. ನಾಯಿ ಬೊಗಳೋದು ಕಾಣ್ತಿದ್ದರೆ ಬರೆಯೋದೇನಿದೆ? ಹಾಗೇ ಮೂರು ನಿಮಿಷ [ಸಂಗೀತ] ಅಂತ ನಿಲ್ಲಿಸಿ ಕೈತೊಳೆದುಕೊಳ್ಳೋ ಸೋಮಾರಿಗಳಿಗೆ ನಮಸ್ಕಾರ. [ಒಂಟಿ ಶೆಹನಾಯಿ, ನಿಧಾನ] ಅಂತ ಬರೆಯೋಕೆ ಎಷ್ಟು ಹೊತ್ತು ಬೇಕು?

ಭಾಷೆಯ ವಿಷಯ ಬಂದರೆ ನನಗೆ ತಲೆ ಕೆಡುತ್ತೆ. ಮಂಡ್ಯದ ಪಾತ್ರ "ಎಲ್ಲೋಯ್ತಿದೀಯ್ಲಾ" ಅಂದರೆ ಕ್ಯಾಪ್ಷನ್ ಬರೆಯೋ ಮಹಾಶಯರು "ಎಲ್ಲಿಗೆ ಹೋಗುತ್ತಿದ್ದೀಯಾ" ಅಂತ ತಿದ್ದಿ ಕೂರಿಸ್ತಾರೆ. ಕನ್ನಡ ಉದ್ಧಾರ ಮಾಡಿದ ಖುಷಿ ಬೇರೆ! ಸ್ವಲ್ಪ ಕೇಳುವವರು, ಹಿಯರಿಂಗ್ ಏಡ್ ಹಾಕಿದವರು ತುಟಿ ನೋಡ್ತಾ ಕ್ಯಾಪ್ಷನ್ ಓದ್ತಾರೆ. ತುಟಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಅವರಿಗೆ ಎರಡೂ ದಕ್ಕಲ್ಲ. ಧಾರವಾಡದ "ಏನ್ರೀ", ಕುಂದಾಪುರದ "ಎಂತ", ಎಲ್ಲ ಆಡಿದ ಹಾಗೇ ಬರಬೇಕು.

ಅಳತೆಗೆ ಬರೋಣ. ಒಂದು ಸಲಕ್ಕೆ ಎರಡು ಸಾಲು, ಜಾಸ್ತಿ ಬೇಡ. ಎಷ್ಟೇ ಚಿಕ್ಕ ಮಾತಾದರೂ ಕನಿಷ್ಠ 20 ಫ್ರೇಮ್ (ಸೆಕೆಂಡಿಗೆ 24 ಫ್ರೇಮ್ ಲೆಕ್ಕ) ನಿಲ್ಲಬೇಕು, ಎಷ್ಟೇ ಉದ್ದವಾದರೂ 7 ಸೆಕೆಂಡ್ ದಾಟಬಾರದು. ಒಂದು ಕ್ಯಾಪ್ಷನ್ ಹೋಗಿ ಇನ್ನೊಂದು ಬರುವ ನಡುವೆ 2 ಫ್ರೇಮ್ ಖಾಲಿ ಬಿಡಬೇಕು, ಇಲ್ಲದಿದ್ದರೆ ಸಾಲು ಬದಲಾಗಿದ್ದು ಕಣ್ಣಿಗೆ ಗೊತ್ತೇ ಆಗಲ್ಲ. ಹೀರೋ ಪಂಚ್ ಡೈಲಾಗ್ ಹೊಡೆಯೋ ಮುಂಚೆ ಅಕ್ಷರ ಮೂಡಬಾರದು. ಸಾಲಿಗೆ 42 ಅಕ್ಷರ ಅನ್ನೋ ಸಾಫ್ಟ್‌ವೇರ್ ಲೆಕ್ಕ ಕನ್ನಡಕ್ಕೆ ನಡೆಯಲ್ಲ. "ಸ್ತ್ರೀ" ನಮಗೆ ಒಂದು ಅಕ್ಷರ, ಯೂನಿಕೋಡ್ ಪ್ರಕಾರ ಆರು. ಸಾಫ್ಟ್‌ವೇರ್ "ಸಾಲು ಉದ್ದ ಆಯ್ತು" ಅಂತ ಕೆಂಪು ಬಣ್ಣ ತೋರಿಸುತ್ತೆ, ಪರದೆ ಮೇಲೆ ನೋಡಿದರೆ ಅರ್ಧ ಜಾಗ ಖಾಲಿ ಇರುತ್ತೆ. ಅದನ್ನ ನಂಬಿ ಒಳ್ಳೊಳ್ಳೆ ಮಾತು ಕತ್ತರಿಸಿದವರನ್ನ ನೋಡಿದೀನಿ.

ಇಷ್ಟೆಲ್ಲ ಮಾಡಿದ ಮೇಲೂ ಥಿಯೇಟರ್‌ನಲ್ಲಿ ಹಾಳಾಗೋಕೆ ದಾರಿ ಬೇಕಾದಷ್ಟಿವೆ. ಮೊದಲನೇದು ಒತ್ತಕ್ಷರ. ಡಿಸಿಪಿ ಅಂದರೆ ಥಿಯೇಟರ್‌ಗೆ ಹೋಗೋ ಡಿಜಿಟಲ್ ಪ್ರಿಂಟ್. ಅದರೊಳಗೆ ಕ್ಯಾಪ್ಷನ್ನನ್ನ ಅಕ್ಷರರೂಪದಲ್ಲಿ ಇಟ್ಟರೆ ಕೆಲವು ಸರ್ವರ್‌ಗಳಿಗೆ ಕನ್ನಡ ಜೋಡಿಸೋಕೆ ಬರಲ್ಲ, "ಅಮ್ಮ" ಹೋಗಿ "ಅಮ್‌ಮ" ಆಗುತ್ತೆ. ಅದಕ್ಕೆ ಪ್ರತಿ ಸಾಲನ್ನೂ ಪಿಎನ್‌ಜಿ ಚಿತ್ರ ಮಾಡಿ ಕೊಡೋದು ಕ್ಷೇಮ. ಹಾಗೆ ಮಾಡಿದ ಮೇಲೆ ಒಂದು ಕಾಗುಣಿತ ತಪ್ಪು ಸಿಕ್ಕರೂ ಆ ಚಿತ್ರವನ್ನ ಹೊಸದಾಗಿ ಮಾಡಬೇಕು, ಹಾಗಾಗಿ ಪ್ರೂಫ್ ಮೊದಲೇ ನೋಡಿ.

ಎರಡನೇದು ಫ್ರೇಮ್ ರೇಟ್. ಎಡಿಟಿಂಗ್‌ನಿಂದ ಕಳಿಸಿದ ವಿಡಿಯೊ ಎಷ್ಟೋ ಸಲ ಸೆಕೆಂಡಿಗೆ 23.976 ಫ್ರೇಮ್ ಲೆಕ್ಕದಲ್ಲಿ ಇರುತ್ತೆ, ಡಿಸಿಪಿ 24ರಲ್ಲಿ. ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ. ಮೊದಲ ಹತ್ತು ನಿಮಿಷ ಚೆಕ್ ಮಾಡಿ "ಸೂಪರ್ ಸಾರ್" ಅಂತಾರೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಕ್ಲೈಮ್ಯಾಕ್ಸ್ ಹೊತ್ತಿಗೆ ಕ್ಯಾಪ್ಷನ್ 9 ಸೆಕೆಂಡ್ ಹಿಂದೆ ಬಿದ್ದಿರುತ್ತೆ. ವಿಲನ್ ಸತ್ತ ಮೇಲೆ ಅವನ ಧಮಕಿ ಓದೋ ಭಾಗ್ಯ. ಆದ್ದರಿಂದ ಚೆಕ್ ಮಾಡೋದಾದರೆ ಕೊನೇ ರೀಲ್ ನೋಡಿ, ಮೊದಲ ರೀಲ್ ಅಲ್ಲ.

ಮೂರನೇದು ನಮ್ಮ ಗಾಂಧಿನಗರಕ್ಕೆ ಅತಿ ಪ್ರಿಯವಾದದ್ದು, ಟ್ರಿಮ್. ಶುಕ್ರವಾರ ರಿಲೀಸ್, ಶನಿವಾರ ರಿವ್ಯೂನಲ್ಲಿ "ಸೆಕೆಂಡ್ ಹಾಫ್ ಲ್ಯಾಗ್" ಅಂತ ಬರುತ್ತೆ, ಸೋಮವಾರದಿಂದ 12 ನಿಮಿಷ ಕಮ್ಮಿ. ಕ್ಯಾಪ್ಷನ್ ಫೈಲ್, ಅಂಧರಿಗಾಗಿ ಮಾಡೋ ಆಡಿಯೊ ವಿವರಣೆಯ ಫೈಲ್ ಮಾತ್ರ ಹಳೇವೇ. ಸೆನ್ಸಾರ್ ಕಟ್ ಆದಾಗಲೂ ಇದೇ ಕಥೆ. ಡಿಟಿಎಸ್ ಮಿಕ್ಸಿಂಗ್‌ನವರಿಗೆ ರಾತ್ರೋರಾತ್ರಿ ಫೋನ್ ಹೋಗುತ್ತೆ, ನಮಗೆ ಹೇಳೋರೇ ಇಲ್ಲ.

ಇಲ್ಲೀವರೆಗೂ ಕಿವಿಯ ಮಾತಾಯ್ತು. ಕಣ್ಣು ಕಾಣದವರಿಗೆ ಏನು ಮಾಡಿದೀರಿ ಅಂತ ಆ ಪೋಸ್ಟರ್‌ನವರನ್ನ ಕೇಳಿದರೆ ಬಹುಶಃ ಅದಕ್ಕೂ "ಸಬ್‌ಟೈಟಲ್ ಇದೆಯಲ್ಲ" ಅಂದಾರು.

ಅಂಧ ಪ್ರೇಕ್ಷಕರಿಗೆ ಬೇಕಿರೋದು ಆಡಿಯೊ ವಿವರಣೆ. ಮಾತು ಮಾತಿನ ನಡುವಿನ ಸಂದಿಯಲ್ಲಿ, ಪರದೆ ಮೇಲೆ ಏನಾಗ್ತಿದೆ ಅಂತ ಒಂದು ದನಿ ಹೇಳ್ತಾ ಹೋಗುತ್ತೆ, ಅವರ ಇಯರ್‌ಫೋನ್‌ನಲ್ಲಿ ಮಾತ್ರ. ಒಂದೇ ಕಿವಿಗೆ ಹಾಕ್ಕೋಬೇಕು, ಇನ್ನೊಂದು ಕಿವಿಗೆ ಥಿಯೇಟರ್ ಸೌಂಡ್ ಬೇಕಲ್ಲ. ಕನ್ನಡದಲ್ಲಿ ಸೆಕೆಂಡಿಗೆ ಹೆಚ್ಚೂಕಮ್ಮಿ ಎರಡು ಪದ ಹಿಡಿಯುತ್ತೆ. ಮೂರೂವರೆ ಸೆಕೆಂಡ್ ಸಂದಿ ಸಿಕ್ಕಿದೆ ಅಂದ್ಕೊಳ್ಳಿ. "ದುಃಖತಪ್ತನಾದ ತಂದೆಯು ಮಗಳು ಬರೆದ ಪತ್ರವನ್ನು ಓದಲು ಮನಸ್ಸಿಲ್ಲದೆ..." ಅಷ್ಟರಲ್ಲಿ ಮುಂದಿನ ಡೈಲಾಗ್ ಬಂದಾಯ್ತು. ಅವನು ಪತ್ರ ಏನು ಮಾಡಿದ? ಗೊತ್ತಿಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಸಾಲು ಉದ್ದ ಮಾಡಿದರೆ ಮುಖ್ಯವಾದದ್ದೇ ಕೊಚ್ಚಿಹೋಗುತ್ತೆ. "ಅಪ್ಪ ಪತ್ರ ಓದಲ್ಲ. ಒಲೆಗೆ ಹಾಕ್ತಾನೆ." ಮುಗೀತು. ದುಃಖ ಆಯ್ತೋ ಸಿಟ್ಟು ಬಂತೋ ಕೇಳುವವರು ತಿಳ್ಕೋತಾರೆ, ಅವರಿಗೆ ಕಾಣಲ್ಲ ಅಷ್ಟೇ, ಬುದ್ಧಿ ಇದೆ.

ಇನ್ನೊಂದು ಗಂಟು ಲಿಂಗದ್ದು. ಮುಸುಕು ಹಾಕಿದ ಕೊಲೆಗಾರ ಬರ್ತಾನೆ ಅಂತ ಬರೆದಿರೋ, ಕೊನೆಯಲ್ಲಿ ಬಯಲಾಗಬೇಕಿದ್ದ ಗುಟ್ಟನ್ನ ಹತ್ತನೇ ನಿಮಿಷದಲ್ಲೇ ಕ್ರಿಯಾಪದ ಬಿಟ್ಟುಕೊಡುತ್ತೆ. "ಮುಸುಕು ಹಾಕಿದ ಆಕೃತಿ ಬರುತ್ತೆ" ಅನ್ನಬೇಕು. ಯಾರಿಗೆ "ಬರ್ತಾರೆ", ಯಾರಿಗೆ "ಬರ್ತಾನೆ" ಅನ್ನೋದನ್ನೂ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬೇಕು, ಇಲ್ಲವಾದರೆ ಇಂಟರ್ವಲ್ ಆದಮೇಲೆ ಊರ ಗೌಡರಿಗೆ ಏಕವಚನ ಆಗಿರುತ್ತೆ. ಪಾತ್ರದ ಹೆಸರನ್ನ ಸಿನಿಮಾ ಹೇಳೋ ತನಕ ನಾವೂ ಹೇಳೋ ಹಾಗಿಲ್ಲ.

ನಿಜ ಹೇಳಲಾ? ಹಾಡು ಬಂದರೆ ನನಗೆ ಖುಷಿ, ಪಲ್ಲವಿ ಚರಣ ಬಿಟ್ಟು ನಡುವಿನ ಬಿಜಿಎಂನಲ್ಲಿ ನಾಲ್ಕು ಸಾಲು ಹೇಳಿದರೆ ಸಾಕು. ಫೈಟ್ ಬಂದರೆ ಸಂಕಟ. ಹೊಡೆತದ ಸದ್ದೇ ಎಲ್ಲ ಹೇಳ್ತಿರುತ್ತೆ, ಒಂದೊಂದು ಏಟನ್ನೂ ವರದಿ ಮಾಡಿದರೆ ಕಬಡ್ಡಿ ಕಾಮೆಂಟರಿ ಆಗುತ್ತೆ. ಯಾರು ಬಿದ್ದ, ಯಾರ ಕೈಗೆ ಮಚ್ಚು ಬಂತು, ಅಷ್ಟು ಸಾಕು. ಇನ್ನು 1987ರ "ಪುಷ್ಪಕ ವಿಮಾನ" ನೆನಪಿಸ್ಕೊಳ್ಳಿ, ಬೆಂಗಳೂರಲ್ಲೇ ಚಿತ್ರೀಕರಿಸಿದ್ದು, ಒಂದೂ ಮಾತಿಲ್ಲ. ಕಿವುಡರಿಗೆ ಅದು ಬಹುಪಾಲು ನೇರ ಸಿಗುವ ಸಿನಿಮಾ. ಅಂಧರಿಗೆ ಶುರುವಿನಿಂದ ಕೊನೇವರೆಗೂ ವಿವರಣೆ ಬೇಕು. ಒಂದು ಫೈಲ್ ಕೊಟ್ಟು "ಅಂಗವಿಕಲರ ಕೋಟಾ ಮುಗೀತು" ಅನ್ನೋರು ಇದನ್ನ ಯೋಚಿಸಲಿ.

ಡಿಸಿಪಿಯಲ್ಲಿ ಇದಕ್ಕೆಲ್ಲ ಜಾಗ ಮೊದಲಿಂದಲೂ ಇದೆ. ಹಾಲ್‌ನ ಸ್ಪೀಕರ್‌ಗಳಿಗೆ ಹೋಗೋ 5.1 ಸೌಂಡ್‌ಗೆ ಮೊದಲ ಆರು ಚಾನಲ್. 7ನೇ ಚಾನಲ್ ಕಮ್ಮಿ ಕೇಳುವವರಿಗೆ, ಮಾತು ಎತ್ತಿ ಕೇಳಿಸೋ ಟ್ರ್ಯಾಕ್. 8ನೇದು ಅಂಧರ ವಿವರಣೆಗೆ. ಬ್ರೆಜಿಲ್‌ನವರು 15ನೇ ಚಾನಲ್‌ನಲ್ಲಿ ಸಂಜ್ಞಾ ಭಾಷೆಯ ವಿಡಿಯೊವನ್ನೇ ಕಳಿಸ್ತಾರೆ. ನಮ್ಮಲ್ಲಿ 7 ಮತ್ತು 8 ಖಾಲಿ ಹೋಗೋದೇ ಹೆಚ್ಚು. ತುಂಬಿದರೂ ಥಿಯೇಟರ್‌ನಲ್ಲಿ ಆ ಎರಡು ಔಟ್‌ಪುಟ್‌ಗೆ ವೈರ್ ಎಳೆದು ಟ್ರಾನ್ಸ್‌ಮಿಟರ್ ಕೂರಿಸಿರಬೇಕು. ಕೂರಿಸಿದರೂ ಕೌಂಟರ್‌ನಲ್ಲಿರೋ ಹುಡುಗನಿಗೆ ಯಾವ ರಿಸೀವರ್ ಯಾರಿಗೆ ಅಂತ ಹೇಳಿಕೊಟ್ಟಿರಬೇಕು. ಪೂರ್ತಿ ಕಿವುಡರ ಕೈಗೆ ಹೆಡ್‌ಫೋನ್ ಕೊಟ್ಟು ನಗುಮುಖದಿಂದ ಒಳಗೆ ಕಳಿಸೋದು ಆಗಾಗ ನಡೆಯುತ್ತೆ.

ಫೋನ್ ಆ್ಯಪ್ ದಾರಿ ಸುಲಭ. ಮನೆಯಲ್ಲೇ ಕ್ಯಾಪ್ಷನ್ ಅಥವಾ ವಿವರಣೆಯ ಫೈಲ್ ಇಳಿಸ್ಕೊಂಡು ಬಂದರೆ ಫೋನಿನ ಮೈಕ್ ಹಾಲ್‌ನ ಸೌಂಡ್ ಕೇಳಿ ಸಿನಿಮಾ ಎಲ್ಲೀವರೆಗೆ ಬಂದಿದೆ ಅಂತ ತಾನೇ ಹಿಡಿಯುತ್ತೆ. ಮೈಕ್ ಪರ್ಮಿಷನ್ ಕೊಟ್ಟಿರಬೇಕು, ಚಾರ್ಜ್ ಇರಬೇಕು, ಮತ್ತೆ ಫೋನ್ ತೆಗೆದ ತಕ್ಷಣ "ರೆಕಾರ್ಡಿಂಗ್ ಮಾಡ್ತಿದಾರೆ" ಅಂತ ಟಾರ್ಚ್ ಬಿಡೋಕೆ ಬರೋ ಸಿಬ್ಬಂದಿಗೆ ಮೊದಲೇ ಹೇಳಿರಬೇಕು.

ಈಗ ಕಾಮೆಂಟ್‌ನಲ್ಲಿ ಬರೋದು ನನಗೆ ಗೊತ್ತು. "ಪರದೆ ಮೇಲೆ ಕನ್ನಡ ಅಕ್ಷರ ಬಂದರೆ ಬೇರೆಯವರಿಗೆ ಡಿಸ್ಟರ್ಬ್ ಆಗಲ್ವಾ?" ಅಯ್ಯೋ ಸ್ವಾಮಿ, ಇಂಗ್ಲಿಷ್ ಅಕ್ಷರ ವರ್ಷಗಳಿಂದ ಅದೇ ಪರದೆಯ ಅದೇ ಜಾಗದಲ್ಲಿ ಓಡ್ತಿದೆ, ಆಗ ಯಾರಿಗೂ ಡಿಸ್ಟರ್ಬ್ ಆಗಲಿಲ್ಲ! "ಎಷ್ಟು ಜನ ಬರ್ತಾರೆ?" 2011ರ ಜನಗಣತಿಯಲ್ಲಿ ಶ್ರವಣದೋಷ ಇರುವವರು, ದೃಷ್ಟಿದೋಷ ಇರುವವರು ದೇಶದಲ್ಲಿ ತಲಾ 50 ಲಕ್ಷದ ಮೇಲೆ. ವಯಸ್ಸಾಗಿ ಕಿವಿ ಮಂದವಾಗಿಯೂ ಒಪ್ಪಿಕೊಳ್ಳದ ನಿಮ್ಮ ಮಾವನವರು ಆ ಲೆಕ್ಕದಲ್ಲಿರೋದು ಅನುಮಾನ. "ಎಐ ಮಾಡುತ್ತೆ ಬಿಡಿ." ಮಾಡಲಿ, ಆ ಅಟ್ಟದ ಸೀನ್ ಕೊಟ್ಟು ನೋಡಿ, ಸತ್ತ ಅತ್ತೆಯ ದನಿ ಅಂತ ಗುರುತು ಹಿಡಿದರೆ ಮಾತಾಡೋಣ.

ಒಂದು ಆಕ್ಷೇಪಣೆ ಮಾತ್ರ ಒಪ್ಪುವಂಥದ್ದು. ಹುಟ್ಟಿನಿಂದ ಕಿವುಡರಾದ ಎಷ್ಟೋ ಜನಕ್ಕೆ ಮೊದಲ ಭಾಷೆ ಭಾರತೀಯ ಸಂಜ್ಞಾ ಭಾಷೆ, ಕನ್ನಡ ಓದೋದೇ ಅವರಿಗೆ ಎರಡನೇ ಭಾಷೆಯ ಶ್ರಮ. ಕ್ಯಾಪ್ಷನ್ ಅವರಿಗೆ ಪೂರ್ತಿ ಸಾಲದು, ನಿಜ. ಅದಕ್ಕೆ ಸಂಜ್ಞಾ ಭಾಷೆಯನ್ನೂ ಸೇರಿಸಬೇಕು. ಕನ್ನಡವೇ ಎರಡನೇ ಭಾಷೆ ಆದವರ ಮುಂದೆ ಇಂಗ್ಲಿಷ್ ಇಟ್ಟರೆ ಏನು ಬಂತು?

ಕಾನೂನು ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್‌ನಲ್ಲಿ ಆಡಿಯೊ ವಿವರಣೆ, ಸಂಜ್ಞಾ ಭಾಷೆ, ಕ್ಯಾಪ್ಷನ್ ಮೂರೂ ಇವೆ. 2023ರ ಜನವರಿಯಲ್ಲಿ "ಪಠಾಣ್" ವಿಷಯದಲ್ಲಿ ದೆಹಲಿ ಹೈಕೋರ್ಟ್ ಒಟಿಟಿ ಬಿಡುಗಡೆಗೆ ಆಡಿಯೊ ವಿವರಣೆ ಮಾಡಿಸಿ, ಹಿಂದಿಯಲ್ಲೂ ಕ್ಯಾಪ್ಷನ್ ಹಾಕಿಸಿ ಅಂತ ನಿರ್ಮಾಪಕರಿಗೆ ಹೇಳಿತು. ಗಮನಿಸಿ, ಹಿಂದಿ ಸಿನಿಮಾಕ್ಕೆ ಹಿಂದಿಯಲ್ಲೇ. 2024ರ ಮಾರ್ಚ್ 15ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮಾರ್ಗಸೂಚಿಯನ್ನೇ ಹೊರಡಿಸಿತು: ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸರ್ಟಿಫಿಕೇಟ್ ಪಡೆಯೋ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷ ಕಾಲಾವಕಾಶ, ಕಿವಿಗೊಂದು ಕಣ್ಣಿಗೊಂದು ಸೌಲಭ್ಯ ಕಡ್ಡಾಯ. ಪ್ಯಾನ್ ಇಂಡಿಯಾ ಅಂತ ಐದು ಭಾಷೆಯಲ್ಲಿ ಪೋಸ್ಟರ್ ಬಿಡೋ ಮಹನೀಯರೇ, ಆ ಆರು ತಿಂಗಳು ನಿಮ್ಮದೇ ಆಗಿತ್ತು, ಅದು ಮುಗಿದಾಯ್ತು.

ಇದನ್ನ ಓದ್ತಿರೋ ನಿರ್ಮಾಪಕ ಗೆಳೆಯರಿಗೆ: ಎಡಿಟಿಂಗ್ ಮುಗಿದು ಪಿಕ್ಚರ್ ಲಾಕ್ ಆದ ದಿನವೇ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಗುರುತು) ಇರುವ ವಿಡಿಯೊ 24 ಫ್ರೇಮ್‌ನಲ್ಲೇ ಕಳಿಸಿ. ಜೊತೆಗೆ ಡಬ್ಬಿಂಗ್ ಆದ ಮೇಲಿನ ಡೈಲಾಗ್ ಶೀಟ್, ಶೂಟಿಂಗ್ ಸ್ಕ್ರಿಪ್ಟ್ ಅಲ್ಲ. ಎರಡೂವರೆ ಗಂಟೆಯ ಸಿನಿಮಾಕ್ಕೆ ಕ್ಯಾಪ್ಷನ್ ಒಂದು ವಾರ, ವಿವರಣೆ ಬರೆದು ದನಿ ಕೊಟ್ಟು ಮಿಕ್ಸ್ ಮಾಡೋಕೆ ಎರಡು ವಾರ ಇಟ್ಟುಕೊಳ್ಳಿ, ಗುರುವಾರ ಸಂಜೆ ಫೋನ್ ಮಾಡಬೇಡಿ. ಬರೆದದ್ದನ್ನ ಒಬ್ಬ ಕಿವುಡ ಪ್ರೇಕ್ಷಕನಿಗೆ, ಒಬ್ಬ ಅಂಧ ಪ್ರೇಕ್ಷಕನಿಗೆ ತೋರಿಸೋಕೆ, ಅವರಿಗೆ ಸಂಭಾವನೆ ಕೊಡೋಕೆ ಬಜೆಟ್‌ನಲ್ಲಿ ಒಂದು ಸಾಲು ಸೇರಿಸಿ. ರಿಲೀಸ್ ಆದ ಮೇಲೆ ಟ್ರಿಮ್ ಮಾಡಿದರೆ ಕಟ್ ಆದ ಟೈಮ್‌ಕೋಡ್ ಪಟ್ಟಿಯನ್ನ ಅದೇ ರಾತ್ರಿ ವಾಟ್ಸ್ಆ್ಯಪ್ ಮಾಡಿ, ಎಷ್ಟು ಹೊತ್ತಾದರೂ ಎದ್ದು ಸರಿಮಾಡಿ ಕೊಡ್ತೀನಿ. ಮಂಗಳವಾರ ಪೇಪರ್‌ನಲ್ಲಿ ಓದಿ ನನಗೆ ಗೊತ್ತಾದರೆ ಮಾತ್ರ ಬೈಗುಳ ಗ್ಯಾರಂಟಿ.