ಗದ್ದೆ ತುಂಬಿಸಿಡುವ ರೈತನನ್ನು ಬೈಯುವ ಮೊದಲು

ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗಕ್ಕೆ ನೀರು ಸಾಲದೆ ಹೋದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ. ಮೇಲ್ಭಾಗದವರು ಭತ್ತ ಹಾಕಿ ನೀರೆಲ್ಲ ಕುಡಿಸಿಬಿಡುತ್ತಾರೆ, ಅವರಿಗೆ ಯಾರಾದರೂ ಬುದ್ಧಿ ಹೇಳಿ ಅಂತ. ನಾನು ಕೆಳಭಾಗದ ಊರಿನವನು. ಆ ಸಿಟ್ಟು ನನಗೂ ಇದೆ. ಆದರೆ ಬುದ್ಧಿ ಹೇಳಿದರೆ ಒಂದು ಕ್ಯೂಸೆಕ್ ನೀರೂ ಉಳಿಯುವುದಿಲ್ಲ. ನೀರು ಯಾವ ದಿನ ಬರುತ್ತದೆ, ಎಷ್ಟು ದಿನ ಇರುತ್ತದೆ ಅನ್ನುವುದು ರೈತನಿಗೆ ಮೊದಲೇ ಖಾತ್ರಿಯಾಗಬೇಕು. ಉಳಿತಾಯದ ಮಾತು ಆಮೇಲೆ.

ಮುನಿರಾಬಾದಿನಲ್ಲಿ ಶುರುವಾಗುವ ಈ ನಾಲೆ 227 ಕಿಲೋಮೀಟರ್ ಉದ್ದ ಇದೆ. ಯೋಜನೆ ಮಾಡಿದವರು ಇದನ್ನು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಅಂತ ಲೆಕ್ಕ ಹಾಕಿದ್ದರು. ಸ್ವಲ್ಪ ಸ್ವಲ್ಪ ನೀರನ್ನು ಜಾಸ್ತಿ ಜನರಿಗೆ ಹಂಚಿ, ಬರದಲ್ಲಿ ಬೆಳೆ ಉಳಿಸುವುದು ಉದ್ದೇಶ. ಆಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಬಂತು, ಸೋನಾ ಮಸೂರಿ ಹೆಸರು ಮಾಡಿತು, ರೈಸ್ ಮಿಲ್ಲುಗಳು ಎದ್ದವು. ಮಾನ್ವಿ, ಸಿರವಾರ, ರಾಯಚೂರು ಕಡೆ ನಾಲೆ ಸೊರಗಿತು. ಇತ್ತ ಡ್ಯಾಮಿನಲ್ಲಿ ಹೂಳು ತುಂಬುತ್ತಾ ಬಂತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಇಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಹತ್ತಲಿಲ್ಲವೋ!

ಭತ್ತಕ್ಕೆ ಯಾವಾಗಲೂ ನೀರು ನಿಂತಿರಲೇಬೇಕು ಅಂತೇನಿಲ್ಲ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಒಂದು ಸರಳ ವಿಧಾನ ಇದೆ. ಸುಮಾರು 30 ಸೆಂಟಿಮೀಟರ್ ಉದ್ದದ ಪೈಪಿನ ತುಂಡು ತಗೊಂಡು, ಕೆಳಗಿನ ಅರ್ಧಕ್ಕೆ ತೂತು ಕೊರೆದು, ಆ ಅರ್ಧವನ್ನು ಗದ್ದೆಯೊಳಗೆ ಹೂಳಬೇಕು. ಒಳಗಿನ ಮಣ್ಣು ತೆಗೆದು ಇಣುಕಿದರೆ ನೀರು ಎಷ್ಟು ಕೆಳಗಿದೆ ಅಂತ ಕಾಣುತ್ತದೆ. ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಿದರೆ ಸಾಕು. ಮೇಲೆ ಒಣಗಿದಂತೆ ಕಂಡರೂ ಬೇರಿಗೆ ನೀರು ಸಿಗುತ್ತಿರುತ್ತದೆ. ನಾಟಿ ಮಾಡಿದ ಮೊದಲ ಎರಡು ವಾರ ಮತ್ತು ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಒಣಗಿಸಬಾರದು. ಹೀಗೆ ಮಾಡಿದರೆ ಇಳುವರಿ ಕಡಿಮೆಯಾಗದೆ ಶೇಕಡಾ 30ರವರೆಗೆ ನೀರು ಉಳಿಯುತ್ತದೆ.

ಇಷ್ಟು ಸುಲಭ ಇದ್ದರೂ ಜನ ಯಾಕೆ ಮಾಡುವುದಿಲ್ಲ? ಮೇಲ್ಭಾಗದ ರೈತರೊಬ್ಬರನ್ನು ಕೇಳಿದೆ. "ಇವತ್ತು ಗದ್ದಿ ಒಣಗಿಸಿದ್ರ, ಬೇಕಾದಾಗ ನೀರು ಬರ್ತಾವಂತ ಯಾರು ಬರದು ಕೊಡ್ತಾರ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಕಪ್ಪು ಮಣ್ಣಿನ ಎರೆ ಭೂಮಿ. ಬಿರುಕು ಬಿಡುವ ಮೊದಲು ನೀರು ಬರಲೇಬೇಕು. ಎರಡು ದಿನ ತಡವಾದರೂ ಮುಂದಿನ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ, ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಹಾಗಾಗಿ ನೀರು ಬಂದ ದಿನ ಆತ ಬದು ಮುಟ್ಟುವಷ್ಟು ತುಂಬಿಸಿಕೊಳ್ಳುತ್ತಾನೆ. ಗದ್ದೆಯೇ ಅವನ ಪಾಲಿನ ಕೆರೆ. ಇದಕ್ಕೆ ದುರಾಸೆ ಅಂತ ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ. ಮೇಲಾಗಿ ನೀರಿನ ಕರ ಬೀಳುವುದು ಎಕರೆ ಲೆಕ್ಕದಲ್ಲಿ. ಅರ್ಧ ನೀರು ಉಳಿಸಿದವನಿಗೂ ಅಷ್ಟೇ, ಬದು ಒಡೆಯುವಷ್ಟು ಹರಿಸಿದವನಿಗೂ ಅಷ್ಟೇ.

ಬೋರ್‌ವೆಲ್‌ನಲ್ಲೂ ಇದೇ ಕಥೆ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ ಅಂತ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ನಡುರಾತ್ರಿ ಮೋಟಾರ್ ತಾನೇ ಶುರುವಾಗಿ ಬೆಳಗಿನವರೆಗೂ ಹರಿಯುತ್ತದೆ.

ನಾಟಿ ಮಾಡದೆ, ಬೀಜ ಬಿತ್ತುವ ಕೂರಿಗೆಯಲ್ಲಿ ಭತ್ತವನ್ನು ನೇರ ಬಿತ್ತುವುದು ನಮ್ಮ ಕೆಳಭಾಗದಲ್ಲಿ ಹಬ್ಬಿದ್ದು ನೀರು ತಡವಾಗಿ ಬರುವ ಕಷ್ಟದಿಂದಲೇ. ಸಸಿಮಡಿ ಬೇಡ, ಕೆಸರು ಮಾಡುವ ನೀರು ಬೇಡ, ಮಳೆಗೇ ಬಿತ್ತಿಬಿಡಬಹುದು. ಕಳೆ ಮಾತ್ರ ಜೀವ ತಿನ್ನುತ್ತದೆ. ಕಳೆನಾಶಕಕ್ಕೆ ದುಡ್ಡು ಸುರಿಯಬೇಕು. ಇನ್ನೊಂದು ಸಂಗತಿ ಯಾರೂ ಮಾತಾಡುವುದಿಲ್ಲ: ನಾಟಿ ನಿಂತರೆ ಗುಂಪು ಕಟ್ಟಿಕೊಂಡು ಬರುವ ಹೆಣ್ಣುಮಕ್ಕಳ ಆ ಹಂಗಾಮಿನ ಕೂಲಿಯೂ ನಿಲ್ಲುತ್ತದೆ. ನೀರು ಉಳಿಯಿತು ಅಂತ ಸಂಭ್ರಮಿಸುವವರು ಅವರಿಗೆ ಬೇರೆ ಕೆಲಸ ಎಲ್ಲಿದೆ ಅಂತಲೂ ಹೇಳಬೇಕು, ಅಲ್ವಾ?

ಮೇಲ್ಭಾಗದವರೂ ಸುಖವಾಗೇನೂ ಇಲ್ಲ. ವರ್ಷಗಟ್ಟಲೆ ನೀರು ನಿಲ್ಲಿಸಿದ ಹೊಲಗಳು ಜೌಗು ಹಿಡಿದು ಸವಳಾಗಿವೆ. ಬಿಳಿ ಉಪ್ಪು ಮೇಲೆದ್ದ ಭೂಮಿಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ಪೈರಿನ ಬುಡದಲ್ಲಿ ಹೊಸ ತೆಂಡೆ ಒಡೆಯುವುದಿಲ್ಲ. ಸವಳು ಭೂಮಿಯ ಸಂಶೋಧನೆ ಗಂಗಾವತಿಯಲ್ಲೇ ನಡೆಯುತ್ತಿದೆ ಅಂದಮೇಲೆ ಸಮಸ್ಯೆ ಎಷ್ಟು ಹತ್ತಿರದ್ದು ಅಂತ ನೀವೇ ಯೋಚಿಸಿ. ನೀರು ಕಡಿಮೆ ಮಾಡಿದರೆ ಅವರ ನೆಲವೂ ಉಳಿಯುತ್ತದೆ. ಇದು ಅವರಿಗೂ ಗೊತ್ತು. ನೀರಿನ ದಿನ ಮಾತ್ರ ಗೊತ್ತಿಲ್ಲ.

ಹಾಗಾಗಿ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಡ್ಯಾಮಿನಿಂದ ಎಂದು ನೀರು ಬಿಡುತ್ತೇವೆ ಅಂತ ಹೇಳಿ ಎದ್ದುಹೋದರೆ ಸಾಲದು. ಒಂದೊಂದು ಉಪಕಾಲುವೆಗೂ ನೀರು ಬಿಡುವ ದಿನ, ನಿಲ್ಲಿಸುವ ದಿನ ಬಿತ್ತನೆಗೆ ಮೊದಲೇ ಪ್ರಕಟಿಸಿ. ಪಂಚಾಯಿತಿ ಗೋಡೆಗೆ ಅಂಟಿಸಿ. ನಾಲೆಯಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಓದು ದಿನಾ ಎಲ್ಲರ ಮೊಬೈಲಿಗೆ ಬರಲಿ. ರಾತ್ರಿ ನಾಲೆ ಮೇಲೆ ತಿರುಗುವ ಗ್ಯಾಂಗ್‌ಮನ್‌ಗಳಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ. ಹೇಳಿದ ದಿನಕ್ಕೆ ನೀರು ಬಾರದಿದ್ದರೆ ಯಾರನ್ನು ಕೇಳಬೇಕು ಅನ್ನುವುದೂ ಆ ಪಟ್ಟಿಯಲ್ಲೇ ಇರಲಿ. ಪೈಪ್ ತುಂಡು ಹಂಚುವ ಕಾರ್ಯಕ್ರಮ, ಫೋಟೋ, ಭಾಷಣ ಎಲ್ಲ ಇದಾದ ಮೇಲೆ ಇಟ್ಟುಕೊಳ್ಳೋಣ.

ಪೈಪ್ ಹೂತು ನೋಡಿದವರು, ಕೂರಿಗೆ ಭತ್ತ ಮಾಡಿದವರು ನಿಮ್ಮ ಅನುಭವವನ್ನು ಕೆಳಗೆ ಬರೆಯಿರಿ. ನಿಮ್ಮದು ಎರೆಯೋ, ಕೆಂಪು ಮಣ್ಣಿನ ಮಸಾರಿಯೋ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು, ಇದನ್ನೂ ಸೇರಿಸಿ. ಮುಂದಿನ ಸಭೆಗೆ ನಮ್ಮ ಕಡೆಯವರು ಬರಿಗೈಲಿ ಹೋಗುವುದು ಬೇಡ.