ಗಾಜಿನ ಭಟ್ಟಿ

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಬಿಸಿಲಿಗೆ ಸ್ಕೂಟರ್ ನಿಲ್ಲಿಸಿದವನು ವಾಪಸ್ ಬಂದು ಸೀಟಿನ ಮೇಲೆ ಕೂರುವ ಮುಂಚೆ ಕರ್ಚೀಫು ಹಾಸುತ್ತಾನೆ. ಇಂಥ ಊರಲ್ಲಿ ಕಚೇರಿಗೆ ಗೋಡೆ ಯಾಕೆ, ಪಶ್ಚಿಮಕ್ಕೆ ಬುಡದಿಂದ ನೆತ್ತಿಯವರೆಗೆ ನೀಲಿ ಗಾಜು ಹೊಡೆದರಾಯಿತು ಎಂದು ಹೊಳೆದದ್ದು ಯಾರಿಗೋ, ಆ ಪುಣ್ಯಾತ್ಮನನ್ನು ತೋರಿಸಿ, ಅಡ್ಡಬೀಳುತ್ತೇನೆ.

ಮೊನ್ನೆ ಒಂದು ಕಾಗದದ ಬೆನ್ನು ಹತ್ತಿ ಅಂಥ ಕಟ್ಟಡಕ್ಕೆ ಹೋಗಿದ್ದೆ. ಹೊರಗಿನಿಂದ ಸಿಂಗಪುರ, ಒಳಗೆ ಹಾಡಹಗಲೇ ಟ್ಯೂಬ್‌ಲೈಟು. ಬೆಳಕಿಗೆಂದು ಗಾಜು ಹಾಕಿದರು, ಬೆಳಕಿನ ಹಿಂದೆ ಬಿಸಿಲೂ ಬಂತು, ಬಿಸಿಲಿಗೆ ಪರದೆ ಎಳೆದರು, ಪರದೆಗೆ ಕತ್ತಲಾಯಿತು, ಕತ್ತಲೆಗೆ ಲೈಟು. ಗುಮಾಸ್ತರೊಬ್ಬರು ಪರದೆಯೂ ಸಾಲದೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಗಾಜಿಗೆ ಟೇಪು ಹಚ್ಚಿ ಅಂಟಿಸಿದ್ದರು. ನಾಯಕರು ತಲೆಕೆಳಗಾಗಿದ್ದರು. ಬಣ್ಣವೆಲ್ಲ ಹಾರಿ ಮೀಸೆಯೊಂದೇ ಉಳಿದಿತ್ತು.

“ಕಿಟಕಿ ತೆಗೀರಿ ಸಾರ್” ಅಂದೆ.

“ಇದ್ರಲ್ವೇನ್ರಿ ತೆಗೆಯೋದು? ಕಿಟಕಿ ಇಟ್ರೆ ಎಲಿವೇಷನ್ ಕೆಡ್ತತಂತೆ.”

ಅಷ್ಟರಲ್ಲಿ ಕರೆಂಟು ಹೋಯಿತು. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿಯಾದರೂ ಅರಳಿ ಆಚೆ ಬರುತ್ತದೆ, ಇವರು ಐದೂವರೆವರೆಗೆ ಬೇಯಬೇಕು. ಕೊನೆಗೆ ಕಚೇರಿಯೇ ಎದ್ದು ಹೊರಗಿನ ಬೇವಿನ ಮರದ ಕೆಳಗೆ ಬಂತು. ನನ್ನ ಕಾಗದಕ್ಕೆ ಸಹಿ ಬಿದ್ದದ್ದೂ ಅಲ್ಲೇ, ಯಾರದೋ ಬೈಕಿನ ಟ್ಯಾಂಕಿನ ಮೇಲೆ. ಕುಂದವಾಡ ಕೆರೆ ಬಳಿ ನಮ್ಮೂರಿಗೊಂದು ಗಾಜಿನ ಮನೆ ಇದೆ. ಗಾಜಿನ ಮನೆ ಕಟ್ಟುವುದು ಗಿಡ ಬೆಳೆಸಲಿಕ್ಕೆ ಅಂದುಕೊಂಡಿದ್ದೆ, ಗುಮಾಸ್ತರನ್ನೂ ನೆಡಬಹುದು ಅಂತ ಗೊತ್ತಿರಲಿಲ್ಲ.

ಈ ವಿದ್ಯೆಯಲ್ಲಿ ನಮಗಿಂತ ಮುಂದೆ ಹೋದವರು ಲಂಡನ್ನಿನವರು. ಅಲ್ಲಿ 20, ಫೆನ್‌ಚರ್ಚ್ ಸ್ಟ್ರೀಟ್‌ನಲ್ಲಿ 160 ಮೀಟರ್ ಎತ್ತರದ ಕಚೇರಿ ಕಟ್ಟಡವಿದೆ. ಮೇಲೆ ಹೋದಷ್ಟೂ ಬಾಡಿಗೆ ಹೆಚ್ಚು, ಹಾಗಾಗಿ ಮೇಲೆ ಹೋದಷ್ಟೂ ಅಗಲ! ಆಕಾರ ನೋಡಿ ಜನ ‘ವಾಕಿ-ಟಾಕಿ’ ಅಂತ ಹೆಸರಿಟ್ಟರು. ದಕ್ಷಿಣದ ಗಾಜಿನ ಮುಖ ಒಳಕ್ಕೆ ಬಾಗಿದೆ. ನಿಮ್ನ ದರ್ಪಣ ಬೆಳಕನ್ನು ಒಂದು ಕಡೆ ಕೂಡಿಸುತ್ತದೆ ಅಂತ ನಮ್ಮ ಹೈಸ್ಕೂಲು ಹುಡುಗರೂ ಉರುಹೊಡೆದಿರುತ್ತಾರೆ. ಆದರೆ 2013ರಲ್ಲಿ, ಕೆಳಗೆ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಕನ್ನಡಿ ಕರಗಿದ ಮೇಲೆಯೇ ಅವರಿಗೆ ಪಾಠ ನೆನಪಾದದ್ದು. ಸುದ್ದಿಗಾರನೊಬ್ಬ ಬಾಣಲೆ ತಂದು ರಸ್ತೆಯಲ್ಲೇ ಮೊಟ್ಟೆ ಬೇಯಿಸಿ ತೋರಿಸಿದ. ವಾಸ್ತುಶಿಲ್ಪಿ ರಫೇಲ್ ವಿನ್ಯೋಲಿ ಇದಕ್ಕೂ ಮುಂಚೆ ಲಾಸ್ ವೇಗಸ್‌ನಲ್ಲಿ ಕಟ್ಟಿದ ಹೋಟೆಲೂ ಈಜುಕೊಳದ ಬಳಿ ಮಲಗಿದ್ದವರನ್ನು ಹೀಗೇ ಸುಟ್ಟಿತ್ತು. ತಪ್ಪಾಗಿದೆ ಅಂತ ಅವರು ಒಪ್ಪಿಕೊಂಡರು ಅನ್ನಿ. ಜೊತೆಗೆ, ಲಂಡನ್ನಿನಲ್ಲಿ ಮೊದಲು ಇಷ್ಟು ಬಿಸಿಲಿರಲಿಲ್ಲ ಅಂತ ಸೂರ್ಯನ ಮೇಲೂ ಒಂದು ಮಾತು ಎತ್ತಿಹಾಕಿದರು. ನಮ್ಮೂರ ಕಂಟ್ರಾಕ್ಟರಿಗೆ ಆ ನೆಪವೂ ಇಲ್ಲ.

ವಾಕಿ-ಟಾಕಿಯ ಮೊದಲ ನಕ್ಷೆಯಲ್ಲಿ ನೆರಳಿನ ಪಟ್ಟಿಗಳಿದ್ದವಂತೆ, ಖರ್ಚು ಉಳಿಸಲು ತೆಗೆದರಂತೆ. 2014ರಲ್ಲಿ ಮತ್ತೆ ಹಾಕಿದರು. ಅದರ ಹೆಸರು ಸಜ್ಜಾ ಕಣ್ರೀ! ನಮ್ಮ ಗಾರೆ ಮೇಸ್ತ್ರಿ ಕಿಟಕಿ ಕಂಡಲ್ಲೆಲ್ಲ ಕೇಳದೆಯೇ ಹಾಕುತ್ತಿದ್ದದ್ದು. ಇದನ್ನೆಲ್ಲ ಮಾಡಿಸಿಕೊಂಡ ಕಟ್ಟಡಕ್ಕೆ 2015ರಲ್ಲಿ ಬ್ರಿಟನ್ನಿನ ಅತಿ ಕೆಟ್ಟ ಹೊಸ ಕಟ್ಟಡವೆಂಬ ‘ಕಾರ್ಬಂಕಲ್ ಕಪ್’ ಬಂತು. ನಮ್ಮಲ್ಲಾಗಿದ್ದರೆ ರಾಜ್ಯೋತ್ಸವ ಪ್ರಶಸ್ತಿಗೆ ಅರ್ಜಿ ಹೋಗುತ್ತಿತ್ತು.

ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವನಿಗೆ ಈ ಕಥೆ ಹೇಳಿದೆ. ಒಲೆಗೆ ಕಟ್ಟಿಗೆ ತಳ್ಳುತ್ತಾ, “ಹಂಗಾರೆ ನಮ್ಮ ಬಿಲ್ಡಿಂಗ್ ಎದುರಿಗೇ ಕಾವಲಿ ಇಡಬಹುದಲ್ರೀ ಅಣ್ಣಾ, ಕಟ್ಟಿಗೆ ಉಳೀತತಿ” ಅಂದ.

“ಪೂರ್ತಿ ಕೇಳೋ. 2017ರಲ್ಲಿ ಆ ಬಿಲ್ಡಿಂಗನ್ನ 128 ಕೋಟಿ ಪೌಂಡ್ ಕೊಟ್ಟು ಕೊಂಡದ್ದು ಯಾರು ಗೊತ್ತಾ? ಹಾಂಗ್‌ಕಾಂಗಿನ ಸಾಸ್ ಮಾಡೋರು.”

ಅವನು ದೋಸೆ ಮಗುಚಿ, ಬೆಣ್ಣೆ ಸವರಿ, ಸ್ವಲ್ಪ ಯೋಚಿಸಿ ಕೇಳಿದ:

“ನಮ್ಮದಕ್ಕೆ ಚಟ್ನಿಯೋರು ಯಾರಾದ್ರೂ ಬಂದಾರಾ?”