ಚಿಗರಿ ಬಸ್ ಖಾಸಗಿಯವರದ್ದಲ್ಲ

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಯಾವುದೋ ಖಾಸಗಿ ಕಂಪನಿಯದ್ದು, ಶುರುವಾಗಿದ್ದೇ 2020ರಲ್ಲಿ ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಗೊಂದಲ ಆಗಿದ್ದು 'ಕಂಪನಿ' ಅನ್ನೋ ಪದದಿಂದ ಇರಬೇಕು. ಬಸ್ಸಿಗೇ ಪ್ರತ್ಯೇಕ ಪಥ ಇರುವ ಈ ತ್ವರಿತ ಸಾರಿಗೆ ಯೋಜನೆಗಾಗಿ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಅಂತ ಒಂದು ಕಂಪನಿ ಮಾಡಿದ್ದು ನಿಜ. ಆದರೆ ಅದು ಸರ್ಕಾರದ್ದೇ. ಬಸ್ ಓಡಿಸುವುದು ನಮ್ಮ ಹಳೇ ಪರಿಚಯದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಎಸಿ ಇದೆ, ನಿಲ್ದಾಣ ರಸ್ತೆ ನಡುವೆ ಇದೆ, ಬಾಗಿಲು ಬಲಗಡೆ ತೆರೆಯುತ್ತದೆ, ಹೀಗಾಗಿ ಬೇರೆಯವರ ಬಸ್ ಅನಿಸಬಹುದು. ಅಷ್ಟೇ.

ಇನ್ನು ವರ್ಷದ ಮಾತು. 2020ರ ಫೆಬ್ರುವರಿ 2ರಂದು ನಡೆದಿದ್ದು ಉದ್ಘಾಟನೆ ಮಾತ್ರ. ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದಿದ್ದರು. ಪ್ರಾಯೋಗಿಕ ಓಡಾಟ 2018ರ ಅಕ್ಟೋಬರ್‌ನಲ್ಲೇ ಶುರುವಾಗಿತ್ತು. ಅಂದರೆ ರಿಬ್ಬನ್ ಕತ್ತರಿಸೋ ಹೊತ್ತಿಗೆ ಜನ ಒಂದು ವರ್ಷಕ್ಕಿಂತ ಜಾಸ್ತಿ ಓಡಾಡಿ ಆಗಿತ್ತು! ನಮ್ಮಲ್ಲಿ ಇದೇನು ಹೊಸದಲ್ಲ, ಅಲ್ವಾ?

ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿಲೋಮೀಟರ್ ಈ ದಾರಿಯ ಬಗ್ಗೆ ದೂರುಗಳಿದ್ದರೆ ಹೇಳಲಿ, ನಂದೂ ಕೆಲವು ಇವೆ. ಸುಳ್ಳು ಸೇರಿಸಿದರೆ ಆ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳಲ್ಲ.